ಎಬ್ಬಿಸಿದ್ದೆಷ್ಟು, ಎದ್ದದ್ದೆಷ್ಟು

ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ಬರೆದವನ ಕೈ ನಿವೃತ್ತಿಯಾದ ಮೇಲೂ ಸುಮ್ಮನಿರುವುದಿಲ್ಲ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯ ಕಪಾಟಿನಲ್ಲಿ ಕೆಂಪು ರಟ್ಟಿನ ಮೂರು ಲೆಕ್ಕದ ಪುಸ್ತಕಗಳಿವೆ. ಮೂರೂ ಮೊಮ್ಮಗಳವು. ಅವಳಿಗೆ ಸೆರೆಬ್ರಲ್ ಪಾಲ್ಸಿ, ಎಂದರೆ ಎಳವೆಯಲ್ಲೇ ಮೆದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆಗೆ ತೊಡಕು. ಯಾವ ದಿನ ಯಾವ ಆಸ್ಪತ್ರೆಗೆ ಹೋದೆವು, ಎಷ್ಟು ಹೊತ್ತು ಕಾದೆವು, ಯಾರಿಗೆ ಎಷ್ಟು ಕೊಟ್ಟೆವು, ಯಾವ ಕಾಗದ ಕೇಳಿದರು, ಎಲ್ಲವೂ ಅವುಗಳಲ್ಲಿದೆ. ಕಳೆದ ತಿಂಗಳು ವ್ಯಾಯಾಮ ಮಾಡಿಸುವ ಥೆರಪಿಸ್ಟ್ "ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು" ಎಂದ ದಿನ ಮನೆಗೆ ಬಂದು ಮೂರನೆಯ ಪುಸ್ತಕಕ್ಕೆ ಅಡ್ಡಗೆರೆ ಎಳೆದೆ. ಇದೇ ದಾರಿಗೆ ಈಗಷ್ಟೇ ಕಾಲಿಡುತ್ತಿರುವ ಮನೆಗಳಿಗೆ ಉಪಯೋಗವಾದೀತು ಎಂದು ಅವುಗಳಲ್ಲಿ ಇರುವುದನ್ನು ಇಲ್ಲಿ ಇಳಿಸುತ್ತಿದ್ದೇನೆ. ನಾನು ವೈದ್ಯನಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕುಳಿತು ಕಲಿತವನು.

ಸೊಸೆ ಸೀಮಂತ ಮುಗಿಸಿಕೊಂಡು ಸಾಗರದ ತವರಿಗೆ ಹೋಗಿ ಎರಡು ವಾರವಾಗಿತ್ತು. 31ನೆಯ ವಾರಕ್ಕೇ ಹೆರಿಗೆಯಾಯಿತು. ಪುಟ್ಟಿ (ಇಲ್ಲಿ ಅವಳನ್ನು ಹಾಗೆಯೇ ಕರೆಯುತ್ತೇನೆ) ಹುಟ್ಟಿದಾಗ 1 ಕಿಲೋ 400 ಗ್ರಾಂ ಇದ್ದಳು. 38 ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಬಂದಳು. ಹತ್ತು ತಿಂಗಳಾದರೂ ಕೂರಲಿಲ್ಲ. ಎತ್ತಿ ನಿಲ್ಲಿಸಿದರೆ ಪಾದ ಊರುತ್ತಿರಲಿಲ್ಲ, ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತಿದ್ದವು. ಹೊನ್ನಾವರದಿಂದ ಅಕ್ಕ ಫೋನ್ ಮಾಡಿದಾಗಲೆಲ್ಲ "ನಿನ್ನ ಮಗನೂ ತಡವಾಗಿಯೇ ನಡೆದವನು, ಮರೆತೆಯಾ?" ಎನ್ನುತ್ತಿದ್ದಳು. ಆ ಮಾತಿಗೆ ನನ್ನ ಹೆಂಡತಿ ಜೋತುಬಿದ್ದಳು. ನಾನೂ ಬಿದ್ದೆ. ನಾಲ್ಕು ತಿಂಗಳು ಹೀಗೆ ಹೋಯಿತು.

ಒಂದು ವರ್ಷ ಎರಡು ತಿಂಗಳಿಗೆ ಎಂಆರ್‌ಐ ಆಯಿತು. ಮಕ್ಕಳ ನರರೋಗ ತಜ್ಞರು ಚಿತ್ರವನ್ನು ಬೆಳಕಿಗೆ ಹಿಡಿದು ವಿವರಿಸಿದರು. ಮೆದುಳಿನ ನಡುವೆ ದ್ರವ ತುಂಬಿದ ಕೋಣೆಗಳಿವೆ. ಅವುಗಳ ಅಂಚಿನ ಬಿಳಿಭಾಗಕ್ಕೆ ಪೆಟ್ಟಾಗಿದೆ. ಅವಧಿಗೆ ಮೊದಲು ಹುಟ್ಟಿದ ಮಕ್ಕಳಲ್ಲಿ ಇದು ಕಾಣುವುದುಂಟು. ಕಾಲಿಗೆ ಹೋಗುವ ನರತಂತುಗಳು ಆ ಅಂಚಿಗೆ ಹತ್ತಿರ ಹಾದುಹೋಗುವುದರಿಂದ ಕೈಗಿಂತ ಕಾಲಿನಲ್ಲಿ ಬಿಗಿತ ಜಾಸ್ತಿ. ಸೆರೆಬ್ರಲ್ ಪಾಲ್ಸಿಯಲ್ಲಿ ಈ ಬಗೆಗೆ ಸ್ಪಾಸ್ಟಿಕ್ ಡೈಪ್ಲೀಜಿಯಾ ಎಂದು ಹೆಸರು. "ಮೆದುಳಿಗೆ ಆದ ಪೆಟ್ಟು ಹೆಚ್ಚುವುದಿಲ್ಲ, ಅಳಿಸಿಯೂ ಹೋಗುವುದಿಲ್ಲ. ಆದರೆ ಮೂಳೆ ಬೆಳೆಯುತ್ತದೆ. ಬಿಗಿದ ಸ್ನಾಯು ಅದರ ಸಮಕ್ಕೆ ಬೆಳೆಯುವುದಿಲ್ಲ. ನಮ್ಮ ಕೆಲಸ ಇರುವುದು ಅಲ್ಲಿ" ಎಂದರು. ಸೊಸೆ ಅಳಲಿಲ್ಲ. ಆಟೋದಲ್ಲಿ ಕುಳಿತ ಮೇಲೆ "ಮಾವ, ನಾನು ತವರಿಗೆ ಬಸ್ಸಿನಲ್ಲಿ ಹೋಗಬಾರದಿತ್ತೇನೋ" ಎಂದಳು. ಆ ಮಾತು ಅವಳಿಗೆ ಎಷ್ಟು ದಿನದಿಂದ ಕೊರೆಯುತ್ತಿತ್ತೋ. ಮರುವಾರ ಅದನ್ನು ವೈದ್ಯರಿಂದಲೇ ಅಲ್ಲವೆನ್ನಿಸಿದೆವು. ನಿಮ್ಮ ಮನೆಯಲ್ಲೂ ತಾಯಿ ಇಂಥದ್ದೊಂದನ್ನು ಒಳಗೇ ಇಟ್ಟುಕೊಂಡಿರುತ್ತಾಳೆ. ಅವಳು ಕೇಳುವ ಮೊದಲೇ ವೈದ್ಯರ ಬಾಯಿಂದ ಉತ್ತರ ಹೇಳಿಸಿಬಿಡಿ.

ಇನ್ನೊಂದು ಮಾತು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾಗಿದ್ದರೆ ನಮ್ಮಂತೆ ಮೊದಲ ಹುಟ್ಟುಹಬ್ಬದವರೆಗೆ ಕಾಯಬೇಡಿ. ಮಲಗಿದ ಮಗು ತಾನಾಗಿ ಕೈಕಾಲು ಆಡಿಸುವ ಬಗೆಯನ್ನು ನೋಡಿಯೇ ತರಬೇತಿ ಪಡೆದವರು ಐದು ತಿಂಗಳೊಳಗೆ ಅಪಾಯವನ್ನು ಗುರುತಿಸಬಲ್ಲರು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮೊದಲ ಪುಸ್ತಕದ ತುಂಬ ಒಂದೇ ಕಡೆಯ ಲೆಕ್ಕವಿದೆ. ಮನೆಯ ಹತ್ತಿರದ ಒಂದು ಥೆರಪಿ ಕ್ಲಿನಿಕ್. ಒಂದೂವರೆ ವರ್ಷದ ಮಗುವನ್ನು ಮೂರು ತುಂಬುವವರೆಗೆ ಅಲ್ಲಿಗೆ ಕರೆದೊಯ್ದೆ. ಮಗ ಪವಾಯಿಯಲ್ಲಿ, ಸೊಸೆ ಐರೋಲಿಯಲ್ಲಿ ಕೆಲಸ ಮಾಡುತ್ತಾರೆ. ಮಗುವನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಸಲಕ್ಕೆ 600 ರೂಪಾಯಿಯಂತೆ 156 ಸಲ, ಒಟ್ಟು 93,600. ಅಲ್ಲಿ ನಡೆಯುತ್ತಿದ್ದುದು ಇಷ್ಟು: ಪುಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ ಕಾಲನ್ನು ಎಳೆಯುವುದು, ಮಡಿಸುವುದು, ಪಾದವನ್ನು ಮೇಲಕ್ಕೆ ಒತ್ತಿ ಹಿಡಿಯುವುದು. ಅವಳು ಮೊದಲಿನಿಂದ ಕೊನೆಯವರೆಗೆ ಅಳುತ್ತಿದ್ದಳು. ಗಾಜಿನ ಬಾಗಿಲಿನಾಚೆ ನಾನು ಗಡಿಯಾರ ನೋಡುತ್ತಿದ್ದೆ. ಕೈ ಹಾಕಿದವರು ಒರಟರಲ್ಲ, ಮೋಸಗಾರರೂ ಅಲ್ಲ. ಆದರೆ ಒಂದೂವರೆ ವರ್ಷ ಎಳೆದ ಮೇಲೂ ಮಗು ತಾನಾಗಿ ಮಾಡಲು ಕಲಿತ ಹೊಸ ಕೆಲಸ ಯಾವುದು ಎಂದು ಮಗ ಒಂದು ರಾತ್ರಿ ಕೇಳಿದಾಗ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಹಣದ ಕಲಮು ಇತ್ತು, ಸಮಯದ ಕಲಮು ಇತ್ತು. ಕಲಿತದ್ದಕ್ಕೆ ಕಲಮೇ ಇರಲಿಲ್ಲ.

ಅದೇ ದಿನಗಳಲ್ಲಿ ಒಬ್ಬರು ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆಯ ಹೊಳಪು ಕಾಗದದ ಪುಸ್ತಿಕೆ ಹಿಡಿದು ಮನೆಗೇ ಬಂದರು. ಲಕ್ಷಗಳ ಮಾತು. ಮಗ ರಾತ್ರಿಯಿಡೀ ಓದಿದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಉಳಿದುದಕ್ಕೆಲ್ಲ ಸ್ಟೆಮ್ ಸೆಲ್ ಬಳಸಬೇಕಾದದ್ದು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ಕೇಳುವಂತಿಲ್ಲ. ಪುಸ್ತಿಕೆಯನ್ನು ನಾನು ಮೆಣಸು ಒಣಗಿಸಲು ಹಾಸಿದೆ.

ಮುಂಬೈನಲ್ಲಿ ಈ ಕೆಲಸಕ್ಕೆ ಹಳೆಯ ಜಾಗಗಳಿವೆ. ಹಾಜಿ ಅಲಿಯ ಬಳಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ 1955ರಿಂದ ಇದೆ. ಪರೇಲ್‌ನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ. ಮಿಠು ಆಲೂರ್ ಅವರು 1972ರಲ್ಲಿ ಆರಂಭಿಸಿದ ಸ್ಪಾಸ್ಟಿಕ್ಸ್ ಸೊಸೈಟಿ ಈಗ ಅಡಾಪ್ಟ್ ಎಂಬ ಹೆಸರಿನಲ್ಲಿದೆ. ನಾವು ಕೊನೆಗೆ ಸೇರಿದ್ದು ದಾದರ್ ದಾಟಿ ಹೋಗಬೇಕಾದ ಒಂದು ಟ್ರಸ್ಟ್ ಆಸ್ಪತ್ರೆಯನ್ನು. ಅದರ ಹೆಸರು ಇಲ್ಲಿ ಬೇಡ, ಏಕೆಂದರೆ ದೂರುಗಳೂ ಇವೆ. ಮೊದಲ ದೂರು ಇದು: ಹೆಸರು ಬರೆಸಿದ ದಿನದಿಂದ ಕರೆ ಬರುವುದಕ್ಕೆ ಆರು ತಿಂಗಳು ಹಿಡಿಯಿತು. ಎರಡು ಸಲ ನಾನೇ ಹೋಗಿ ವಿಚಾರಿಸಿದ ಮೇಲೆ, ನಮ್ಮ ಫೋನ್ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ದಾಖಲಾಗಿತ್ತೆಂದು ತಿಳಿಯಿತು. ಹೆಸರು ಬರೆಸಿದ ಮೇಲೆ ಅವರ ಎದುರಿಗೇ ಒಮ್ಮೆ ನಿಮ್ಮ ಸಂಖ್ಯೆಯನ್ನು ಓದಿಸಿ ನೋಡಿ.

ಮೊದಲ ದಿನ ಕೇಸ್ ಪೇಪರಿನ ಸಾಲಿನಲ್ಲಿ ನಿಂತಾಗ ಹಿಂದಿನಿಂದ "ಸುಮ್ಮನಿರು ಕಂದಾ, ಈಗ ಕರೆಯುತ್ತಾರೆ" ಎಂದು ಕನ್ನಡ ಕೇಳಿಸಿತು. ಕಲಬುರಗಿಯ ಕಡೆಯ ಹೆಣ್ಣುಮಗಳು. ಗಂಡ ಕಟ್ಟಡದ ಕೆಲಸಕ್ಕೆ ಬಂದು ಗೋವಂಡಿಯಲ್ಲಿ ನೆಲೆಸಿದ್ದಾನೆ. ಸೊಂಟದ ಮೇಲೆ ನಾಲ್ಕು ವರ್ಷದ ಗಂಡು ಮಗು. ಓದು ಬರಹವಿಲ್ಲದ ಆಕೆ ನನಗೆ ಹೇಳಿಕೊಟ್ಟದ್ದು ಯಾವ ಫಲಕದಲ್ಲೂ ಇರಲಿಲ್ಲ: "ಅಜ್ಜಾರೆ, ಮೊದಲು ಇಲ್ಲಿ ಚೀಟಿ ಮಾಡಿಸಿ, ಆಮೇಲೆ ಮೇಲೆ ಹೋಗಿ ವಹಿಯಲ್ಲಿ ಹೆಸರು ಬರೆಸಿ, ಆಮೇಲೆ ಮಗುವಿಗೆ ಉಣ್ಣಿಸಿ. ಉಣ್ಣಿಸುತ್ತಾ ಕೂತರೆ ಸರದಿ ಹೋಗುತ್ತದೆ. ಉಣ್ಣಿಸದೆ ಒಳಗೆ ಹೋದರೆ ಮಗು ಏನೂ ಮಾಡುವುದಿಲ್ಲ." ಎರಡು ವರ್ಷ ಈ ಕ್ರಮವನ್ನೇ ಪಾಲಿಸಿದೆ.

ಕಡತದಲ್ಲಿ ಏನಿರಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹುಟ್ಟಿದ ಆಸ್ಪತ್ರೆಯ ಬಿಡುಗಡೆ ಪತ್ರ, ಎಂಆರ್‌ಐನ ವರದಿ ಮಾತ್ರವಲ್ಲದೆ ಚಿತ್ರವೂ, ಹಿಂದಿನ ಚಿಕಿತ್ಸೆಯ ಟಿಪ್ಪಣಿ, ಸೊಂಟದ ಎಕ್ಸ್‌ರೇ, ಮಗುವಿನ ಮತ್ತು ತಂದೆ ಅಥವಾ ತಾಯಿಯ ಆಧಾರ್. ಎಲ್ಲಕ್ಕೂ ಮೂರು ನಕಲು. ಅಜ್ಜನಾದವನು ಕರೆದೊಯ್ಯುವುದಾದರೆ ತಂದೆತಾಯಿಯ ಸಹಿಯ ಒಪ್ಪಿಗೆ ಪತ್ರವೊಂದು ಜೇಬಿನಲ್ಲಿರಲಿ. ಅದಿಲ್ಲವೆಂದು ಒಂದು ದಿನ ನನ್ನನ್ನು ವಾಪಸು ಕಳುಹಿಸಿದ್ದಾರೆ.

ಒಳಗಿದ್ದ ಥೆರಪಿಸ್ಟ್ ಮೂವತ್ತರ ಆಸುಪಾಸಿನ ಮರಾಠಿ ಹುಡುಗಿ. ಎಲ್ಲರೂ ಆಕೆಯನ್ನು 'ತಾಈ' ಎನ್ನುತ್ತಾರೆ. ಮರಾಠಿಯಲ್ಲಿ ಅಕ್ಕ ಎಂದರ್ಥ. ನನ್ನ ಹೆಂಡತಿಯ ಕಿವಿಗೆ ಅದು 'ತಾಯಿ' ಎಂದೇ ಬಿದ್ದು ಇವತ್ತಿಗೂ ಹಾಗೆಯೇ ಕರೆಯುತ್ತಾಳೆ. ತಾಈ ಮೇಜಿನ ಕಡೆಗೆ ಹೋಗಲೇ ಇಲ್ಲ. ನೆಲದ ಮೇಲೆ ಕುಳಿತು ಒಂದು ಗಂಟೆ ಪುಟ್ಟಿ ಏನೇನು ಮಾಡುತ್ತಾಳೆ ಎಂದು ಸುಮ್ಮನೆ ನೋಡಿ ಅಂಕ ಹಾಕಿದಳು. ಆಮೇಲೆ ನಮ್ಮೆಲ್ಲರನ್ನೂ ಕೇಳಿದಳು, "ನಿಮಗೆ ಏನಾಗಬೇಕು?" ಮಗ ಸೊಸೆ ಇಬ್ಬರೂ ಒಟ್ಟಿಗೆ "ನಡೆಯಬೇಕು" ಎಂದರು. ಅದನ್ನು ಬರೆದುಕೊಂಡು ತಾಈ ಪುಟ್ಟಿಯ ಕಡೆಗೆ ತಿರುಗಿದಳು. ಮೂರು ವರ್ಷ ಎಂಟು ತಿಂಗಳ ಮಗುವನ್ನು ಅದುವರೆಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಪುಟ್ಟಿ ಸ್ವಲ್ಪ ಯೋಚಿಸಿ, "ಬೆಲ್ ಒತ್ತಬೇಕು" ಎಂದಳು. ನಮ್ಮ ಮನೆ ಬಾಗಿಲಿನ ಬೆಲ್. ಪಕ್ಕದ ಮನೆಯ ಹುಡುಗ ಮೆಟ್ಟಿಲು ಹತ್ತಿ ಓಡಿ ಬಂದು ಅದನ್ನು ಒತ್ತುವುದನ್ನು ಅವಳು ನನ್ನ ಹೆಗಲ ಮೇಲಿಂದ ದಿನವೂ ನೋಡುತ್ತಿದ್ದಳು.

ನಾವು ನಕ್ಕೆವು. ತಾಈ ನಗಲಿಲ್ಲ. ಬೆಲ್ ನೆಲದಿಂದ ಎಷ್ಟು ಎತ್ತರ, ಎಷ್ಟು ಮೆಟ್ಟಿಲು, ಹಿಡಿಗಂಬಿ ಯಾವ ಕಡೆಗಿದೆ ಎಂದು ವಿಚಾರಿಸಿ ಬರೆದುಕೊಂಡಳು. ನಮ್ಮದು ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ಎರಡನೆಯ ಮಹಡಿ, 36 ಮೆಟ್ಟಿಲು.

ಆ ದಿನವೇ ಇನ್ನೊಂದು ಮಾತನ್ನೂ ನೇರವಾಗಿ ಹೇಳಿದಳು. ಕೂರುವುದು, ನಡೆಯುವುದು ಮುಂತಾದ ಈ ಮಕ್ಕಳ ದೊಡ್ಡ ಚಲನೆಗಳನ್ನು ಐದು ಹಂತಗಳಲ್ಲಿ ಗುರುತಿಸುವ ಕ್ರಮವೊಂದಿದೆ, ಜಿಎಂಎಫ್‌ಸಿಎಸ್ ಎನ್ನುತ್ತಾರೆ. ಕೆನಡಾದಲ್ಲಿ 1997ರಲ್ಲಿ ಸಿದ್ಧವಾದದ್ದು. ಒಂದನೆಯದು ಅತಿ ಸೌಮ್ಯ, ಐದನೆಯದು ಅತಿ ತೀವ್ರ. ಪುಟ್ಟಿ ಮೂರನೆಯ ಹಂತದಲ್ಲಿದ್ದಾಳೆ: ವಾಕರ್‌ನಂಥ ಆಸರೆ ಹಿಡಿದು ನಡೆಯಬಲ್ಲ ಮಗು. ವ್ಯಾಯಾಮದಿಂದ ಹಂತ ಬದಲಾಗುವುದು ಅಪರೂಪ. ಆ ಹಂತದೊಳಗೆ ಸಾಧ್ಯವಿರುವುದನ್ನೆಲ್ಲ ಪಡೆಯುವುದು ಗುರಿ. ಅಲ್ಲಿಯದೇ ಸಂಶೋಧಕರು 657 ಮಕ್ಕಳನ್ನು ವರ್ಷಗಟ್ಟಲೆ ನೋಡಿ 2002ರಲ್ಲಿ ಬರೆದ ಬೆಳವಣಿಗೆಯ ರೇಖೆಗಳನ್ನೂ ತೋರಿಸಿದಳು. ಐದು ವರ್ಷ ತುಂಬುವಷ್ಟರಲ್ಲಿ ಈ ಮಕ್ಕಳ ದೊಡ್ಡ ಚಲನೆಯ ಸಾಮರ್ಥ್ಯದ ಶೇಕಡಾ 90ರಷ್ಟು ಬಂದಿರುತ್ತದೆ, ತೀವ್ರತೆ ಹೆಚ್ಚಿದ್ದರೆ ಇನ್ನೂ ಬೇಗ. ನಾನು ಮನಸ್ಸಿನಲ್ಲೇ ಕಳೆದ ವರ್ಷಗಳನ್ನು ಲೆಕ್ಕ ಹಾಕಿ ಬೆವರಿದೆ. ಆಕೆ ಅದನ್ನು ಗಮನಿಸಿರಬೇಕು. "ಆಜೋಬಾ (ಮರಾಠಿಯಲ್ಲಿ ಅಜ್ಜ), ಇದು ಸಾಮರ್ಥ್ಯದ ಗೆರೆ. ಇರುವ ಸಾಮರ್ಥ್ಯವನ್ನು ದಿನದ ಬದುಕಿನಲ್ಲಿ ಎಷ್ಟು ಬಳಸುತ್ತಾಳೆ ಎಂಬುದು ಬೇರೆ. ಅದಕ್ಕೆ ವಯಸ್ಸಿನ ಗಡಿ ಇಲ್ಲ" ಎಂದಳು.

ಆಮೇಲಿನ ಮೊದಲ ತಿಂಗಳಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ವಾಕ್ಯ "ಆಜೋಬಾ, ತಿಲಾ ಕರೂ ದ್ಯಾ". ಅವಳೇ ಮಾಡಲಿ ಬಿಡಿ. ಪುಟ್ಟಿ ಬೆಂಚಿನಿಂದ ಏಳಲು ತಡವರಿಸಿದರೆ ನನ್ನ ಕೈ ತಾನಾಗಿ ಅವಳ ಕಂಕುಳಿಗೆ ಹೋಗುತ್ತಿತ್ತು. ನಾನು ಎತ್ತುತ್ತಿದ್ದೆ, ಎದ್ದಳು ಎಂದು ಬರೆದುಕೊಳ್ಳುತ್ತಿದ್ದೆ. ಅದು ಸುಳ್ಳು ಲೆಕ್ಕ. ಕನ್ನಡದಲ್ಲಿ ಆ ಸುಳ್ಳನ್ನು ಹಿಡಿಯಲು ಒಂದು 'ಇಸು' ಸಾಕು. ನಡೆ, ನಡೆಸು. ಕೂರು, ಕೂರಿಸು. ನಿಲ್ಲು, ನಿಲ್ಲಿಸು. ಏಳು, ಎಬ್ಬಿಸು. ಎರಡನೆಯ ಪುಸ್ತಕದಲ್ಲಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ 'ಎಬ್ಬಿಸಿದ್ದು', ಬಲಕ್ಕೆ 'ಎದ್ದದ್ದು' ಎಂದು ಬರೆದೆ. ಮೊದಲ ವಾರದ ಮೊತ್ತ ಎಡಕ್ಕೆ 61, ಬಲಕ್ಕೆ 4. ಹಿಂದಿನ ಕ್ಲಿನಿಕ್ಕಿನ 156 ದಿನಗಳನ್ನು ಈ ಕಲಮಿಗೆ ಹಾಕಿದರೆ ಬಲಗಡೆ ಬಹುಶಃ ಸೊನ್ನೆಯೇ ಬರುತ್ತಿತ್ತು. ಕಾಲು ಎಳೆಯುವುದೊಂದರಿಂದಲೇ ಮಗು ಹೊಸ ಚಲನೆ ಕಲಿಯುವುದಿಲ್ಲ, ತನಗೆ ಬೇಕಾದ ಕೆಲಸವನ್ನು ತಾನೇ ಮತ್ತೆ ಮತ್ತೆ ಮಾಡಿದಾಗ ಕಲಿಯುತ್ತದೆ ಎಂದು ತಾಈ ಹೇಳಿದ್ದನ್ನು ನಾನು ನಂಬಿದ್ದು ಆ ಎರಡು ಅಂಕಿಗಳನ್ನು ನೋಡಿ.

ಆಸ್ಪತ್ರೆಗೆ ವಾರಕ್ಕೆ ಎರಡು ದಿನ, ಸಲಕ್ಕೆ 200 ರೂಪಾಯಿ. ನಿಜವಾದ ಕೆಲಸ ನಡೆದದ್ದು ಮನೆಯಲ್ಲಿ. ಸಾಮಾನು ಯಾವುದನ್ನೂ ಕೊಳ್ಳಲಿಲ್ಲ. ಹೊನ್ನಾವರದಿಂದ ತಂದ ಹಲಸಿನ ಮರದ ಮಣೆ ಎರಡು ಅಂಗುಲ ಎತ್ತರವಿದೆ. ಅದೇ ಮೊದಲ ಮೆಟ್ಟಿಲು. ಎರಡು ಮಣೆ ಒಂದರ ಮೇಲೊಂದಿಟ್ಟು ಬಿಗಿದು ಕಟ್ಟಿದರೆ ಎರಡನೆಯ ಮೆಟ್ಟಿಲು. ಕುಳಿತು ಏಳುವುದಕ್ಕೆ ಪ್ಲಾಸ್ಟಿಕ್ ಸ್ಟೂಲು, ಅಭ್ಯಾಸವಾದಂತೆ ಇನ್ನೂ ತಗ್ಗಿನದು. ಅಡುಗೆಕಟ್ಟೆಯನ್ನು ಹಿಡಿದು ಅಡ್ಡಡ್ಡ ನಡೆಯುವುದು. ಕಟ್ಟೆಯ ಆ ತುದಿಯಲ್ಲಿ ಅಜ್ಜಿ ಶೇಂಗಾ ಚಿಕ್ಕಿಯ ಡಬ್ಬಿ ಇಡುತ್ತಿದ್ದಳು. ಆರು ತಿಂಗಳಾದ ಮೇಲೆ ಬೆನ್ನಿಗೆ ಪುಟ್ಟ ಚೀಲ ಕಟ್ಟಿ ಅದರಲ್ಲಿ ಅರ್ಧ ಕಿಲೋ ಅಕ್ಕಿ, ಮುಂದೆ ಮುಕ್ಕಾಲು ಕಿಲೋ. ಭಾರ ಹೊರಿಸಿದರೆ ಬಿಗಿತ ಹೆಚ್ಚುವುದಿಲ್ಲವೇ ಎಂದು ನಾನು ಹೆದರಿದ್ದೆ. ಹಿಂದೆ ಹಾಗೆ ಭಾವಿಸಿದ್ದರಂತೆ, ಅದು ನಿಜವಲ್ಲ. ಬಿಗಿಯಾಗಿದೆ ಎಂದ ಮಾತ್ರಕ್ಕೆ ಸ್ನಾಯು ಬಲವಾಗಿದೆ ಎಂದಲ್ಲ, ಅದು ನಿಶ್ಶಕ್ತವೂ ಆಗಿರುತ್ತದೆ. ಎಂಟರಿಂದ ಹತ್ತು ಸಲ, ನಡುವೆ ಬಿಡುವು, ಹೀಗೆ ಮೂರು ಸುತ್ತು, ವಾರಕ್ಕೆ ಮೂರು ದಿನ, ನಡುನಡುವೆ ಒಂದು ದಿನ ವಿರಾಮ. ಕೊನೆಯ ಎರಡು ಸಲ ಕಷ್ಟವಾಗಬೇಕು; ಆಗದಿದ್ದರೆ ಭಾರ ಹೆಚ್ಚಿಸಬೇಕು. ಆದರೆ ಎಷ್ಟು ಭಾರ ಎಂಬುದನ್ನು ನಿಮ್ಮ ಥೆರಪಿಸ್ಟ್ ಹೇಳಲಿ, ನನ್ನ ಅಕ್ಕಿಯ ಲೆಕ್ಕವನ್ನು ನಕಲು ಮಾಡಬೇಡಿ. ಎಣ್ಣೆ ತಿಕ್ಕುವ ವಿಷಯದಲ್ಲಿ ಮಾತ್ರ ಅಜ್ಜಿ ಪಟ್ಟು ಬಿಡಲಿಲ್ಲ. "ತಿಕ್ಕಲಿ, ಮಗುವಿಗೆ ಹಿತವಾಗುತ್ತದೆ. ವ್ಯಾಯಾಮದ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ" ಎಂದು ತಾಈ ರಾಜಿ ಮಾಡಿಸಿದಳು.

ಲೋಕಲ್ ರೈಲಿನ ಬಗ್ಗೆ ಬರೆಯದೆ ಇದು ಮುಗಿಯದು. ಅಂಗವಿಕಲರ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂಬ ಗುರುತನ್ನು ಪ್ಲಾಟ್‌ಫಾರ್ಮಿನ ಮೇಲೆ ಮೊದಲೇ ನೋಡಿಟ್ಟುಕೊಳ್ಳಿ. ವಾಕರ್ ಹಿಡಿದು ಓಡುವುದು ಆಗದ ಮಾತು. ಹತ್ತೂವರೆಯ ನಂತರದ ರೈಲು ಹಿಡಿಯುವಂತೆ ಸಮಯ ಕೇಳಿ ಪಡೆಯಿರಿ. ಆ ಡಬ್ಬಿಯಲ್ಲಿ ಗಟ್ಟಿಮುಟ್ಟಾದ ನಾಲ್ವರು ಇಸ್ಪೀಟು ಆಡುತ್ತಿರುವುದೂ ಉಂಟು. ಮೊದಮೊದಲು ಜಗಳವಾಡುತ್ತಿದ್ದೆ. ಒಂದು ದಿನ ಪುಟ್ಟಿಯೇ "ಕಾಕಾ, ಉಠಾ" ಎಂದಳು. ನಾಲ್ವರೂ ಎದ್ದರು.

ಪಾದಕ್ಕೆ ಹಾಕುವ ಪ್ಲಾಸ್ಟಿಕ್ ಪಟ್ಟಿಗೆ ಎಎಫ್‌ಒ ಎನ್ನುತ್ತಾರೆ. ಒಂದು ಜೊತೆಗೆ 9,000 ಆಯಿತು. ಮಗು ಬೆಳೆಯುತ್ತದಾದ್ದರಿಂದ ಇಷ್ಟರಲ್ಲಿ ಮೂರು ಜೊತೆ ಆಗಿವೆ. ಮೊಣಕಾಲವರೆಗಿನ ಹತ್ತಿಯ ಕಾಲುಚೀಲವಿಲ್ಲದೆ ಮುಂಬೈನ ಸೆಕೆಯಲ್ಲಿ ಅದನ್ನು ತೊಡಿಸಬೇಡಿ. ಬಿಚ್ಚಿದ ಮೇಲೆ ಚರ್ಮದ ಕೆಂಪು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಮಾಡಿದವರ ಬಳಿಗೆ ವಾಪಸು ಒಯ್ಯಬೇಕು. ಮೇಲೆ ಹಾಕುವ ಬೂಟು ಒಂದೆರಡು ಅಳತೆ ದೊಡ್ಡದಿರಲಿ. ಸೊಂಟದ ಎಕ್ಸ್‌ರೇಯನ್ನು ಮಗುವಿಗೆ ನೋವಿಲ್ಲವೆಂದು ಮುಂದೂಡಬೇಡಿ. ತೊಡೆಮೂಳೆಯ ತಲೆ ಬಟ್ಟಲಿನಿಂದ ಸದ್ದಿಲ್ಲದೆ ಹೊರಗೆ ಜಾರುತ್ತದೆ, ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ. ಎಷ್ಟು ಜಾರಿದೆ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 30 ದಾಟಿದರೆ ಮೂಳೆ ತಜ್ಞರು ಹೆಚ್ಚು ನಿಗಾ ಇಡುತ್ತಾರೆ. ಪುಟ್ಟಿಯದು ಮೊದಲ ವರ್ಷ 22, ಈಗ 24.

ನಾಲ್ಕೂವರೆ ವರ್ಷಕ್ಕೆ ಮೀನಖಂಡದ ಬಿಗಿತ ಹೆಚ್ಚಾಗಿ, ಪಟ್ಟಿಯೊಳಗೆ ಹಿಮ್ಮಡಿ ಕೂರುವುದನ್ನೇ ನಿಲ್ಲಿಸಿತು. ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದು ಕೊಟ್ಟು ಪ್ಲಾಸ್ಟರ್ ಹಾಕೋಣ ಎಂದರು. ಮಂಪರು ಕೊಟ್ಟು ಚುಚ್ಚಿದರು. ಎರಡು ವಾರದ ನಂತರ ಎರಡೂ ಕಾಲಿಗೆ ಪ್ಲಾಸ್ಟರ್, ವಾರಕ್ಕೊಮ್ಮೆ ಬಿಚ್ಚಿ ಪಾದವನ್ನು ಇನ್ನಷ್ಟು ಮೇಲಕ್ಕೆ ತಂದು ಮತ್ತೆ ಹೊಸದು, ಹೀಗೆ ಮೂರು ಸಲ. ಎಲ್ಲ ಸೇರಿ 46,000. ಜುಲೈ ತಿಂಗಳು. ಎರಡನೆಯ ವಾರ ಮಳೆಗೆ ಹಳಿ ಮುಳುಗಿ ರೈಲು ನಿಂತಿತು. ಠಾಣೆ ರೈಲು ನಿಲ್ದಾಣದಲ್ಲಿ ಇಳಿದು, ಪುಟ್ಟಿಯ ಕಾಲುಗಳಿಗೆ ಹಾಲಿನ ಪ್ಲಾಸ್ಟಿಕ್ ಚೀಲಗಳನ್ನು ಸುತ್ತಿ ಎತ್ತಿಕೊಂಡು ನಾಲ್ಕು ಗಂಟೆ ನಿಂತೆ. ಆ ದಿನದ ಪುಟದಲ್ಲಿ ಅಂಕಿಗಳಿಲ್ಲ, "ಒದ್ದೆಯಾಗಲಿಲ್ಲ" ಎಂದು ಮಾತ್ರ ಇದೆ.

ಇಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹೊಸ ಪಟ್ಟಿಯ ಅಚ್ಚನ್ನು ಚುಚ್ಚುಮದ್ದಿಗೆ ಮೊದಲೇ ತೆಗೆಸಿಟ್ಟಿದ್ದೆವು, ಕೆಲಸ ಬೇಗ ಆಗಲಿ ಎಂದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಪಾದದ ಕೋನವೇ ಬದಲಾಗಿತ್ತು, ಪಟ್ಟಿ ಹೊಂದಲಿಲ್ಲ. ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನವೇ ಅಚ್ಚು ತೆಗೆಸಬೇಕು. ಔಷಧದ ಪರಿಣಾಮ ಇರುವುದೇ ಸುಮಾರು ಮೂರು ತಿಂಗಳು. ನಾವು ಅದರಲ್ಲಿ ಹದಿನೇಳು ದಿನ ಕಳೆದುಕೊಂಡೆವು. ಚುಚ್ಚುಮದ್ದು ಬಿಗಿತವನ್ನು ಸಡಿಲಿಸುತ್ತದೆ, ಬಲ ಕೊಡುವುದಿಲ್ಲ. ಆ ಅವಧಿಯಲ್ಲಿ ವಾರಕ್ಕೆ ಐದು ದಿನ ವ್ಯಾಯಾಮ ಮಾಡಿದರೆ ಮಾತ್ರ ಕೊಟ್ಟ ಹಣಕ್ಕೆ ಅರ್ಥ.

ಆ ಮೂರು ತಿಂಗಳೇ ಮನೆಯಲ್ಲಿ ಅತಿ ಕೆಟ್ಟ ದಿನಗಳು. ಪುಟ್ಟಿ ಮಣೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಒಂದು ಸಂಜೆ ನಾನು ಗದರಿದೆ. ಕೆಲಸದಿಂದ ಆಗಷ್ಟೇ ಬಂದ ಸೊಸೆ ಚೀಲವನ್ನೂ ಇಳಿಸದೆ, "ಮಾವ, ಅವಳು ನಿಮ್ಮ ಪುಸ್ತಕದ ಅಂಕಿಯಲ್ಲ" ಎಂದಳು. ಹದಿನಾಲ್ಕು ವರ್ಷಗಳಲ್ಲಿ ಅವಳು ನನಗೆ ಎದುರಾಡಿದ್ದು ಅದೊಂದೇ ಸಲ. ಎರಡು ದಿನ ನಾನು ಪುಸ್ತಕ ತೆರೆಯಲಿಲ್ಲ. ಮೂರನೆಯ ದಿನ ತಾಈಗೆ ಹೇಳಿದಾಗ ಆಕೆ ಬೈಯಲಿಲ್ಲ. ಮಣೆಯನ್ನು ಒಂದು ವಾರ ಕಪಾಟಿನಲ್ಲಿಡಿ, ಟ್ರೈಸಿಕಲ್ ತುಳಿಯಲಿ ಎಂದಳು. ಪಕ್ಕದ ಮನೆಯ ಹುಡುಗನ ಹಳೆಯ ಟ್ರೈಸಿಕಲ್ಲಿಗೆ ಪಾದ ಜಾರದಂತೆ ಪಟ್ಟಿ ಹೊಲಿಸಿದೆ. ಕಟ್ಟಡದ ಅಂಗಳದಲ್ಲಿ ಅವನು ಅಟ್ಟಿಸಿಕೊಂಡು ಬಂದರೆ ಅವಳು ಇಪ್ಪತ್ತು ನಿಮಿಷ ನಿಲ್ಲಿಸದೆ ತುಳಿಯುತ್ತಿದ್ದಳು. ಅದೂ ವ್ಯಾಯಾಮವೇ.

ಇನ್ನು ಕಾಗದ ಪತ್ರ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ರಾಷ್ಟ್ರೀಯ ಗುರುತಿನ ಚೀಟಿ) ಸ್ವಾವಲಂಬನ್ ಜಾಲತಾಣದಲ್ಲಿ ಒಂದೇ ಅರ್ಜಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಅರ್ಜಿಗೆ ಹತ್ತು ನಿಮಿಷ ಸಾಕು, ಆಮೇಲಿನದಕ್ಕೆ ನಮಗೆ ಏಳು ತಿಂಗಳು ಬೇಕಾಯಿತು. ಪುಟ್ಟಿಯ ಆಧಾರ್ ಮಾಡಿಸಿದ್ದು ಸಾಗರದಲ್ಲಿ. ವಿಳಾಸ ಶಿವಮೊಗ್ಗ ಜಿಲ್ಲೆ. ಅರ್ಜಿ ತಾನಾಗಿ ಅಲ್ಲಿಗೇ ಹೋಗಿ ಕುಳಿತಿತು. ವಿಳಾಸ ಬದಲಿಸಿ ಮತ್ತೆ ಹಾಕಿದೆವು. ಡೊಂಬಿವಲಿ ಮುಂಬೈಗೆ ಸೇರಿದ್ದಲ್ಲ, ಠಾಣೆ ಜಿಲ್ಲೆಯದು ಎಂಬುದನ್ನು 40 ವರ್ಷ ಇಲ್ಲಿದ್ದರೂ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮನ್ನು ಕಳುಹಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ಮಂಡಳಿ ಕೂರುವುದು ವಾರಕ್ಕೆ ಒಂದು ದಿನ. ಮೊದಲ ಸಲ ಮೂಳೆ ವೈದ್ಯರು ರಜೆ. ಎರಡನೆಯ ಸಲ ಎಂಆರ್‌ಐ ಚಿತ್ರ ಒಯ್ದಿರಲಿಲ್ಲ. ಮೂರನೆಯ ಸಲ ಆಯಿತು: ಶೇಕಡಾ 60, ಐದು ವರ್ಷದ ಮಟ್ಟಿಗೆ. ಆ ದಿನ ಮಗುವನ್ನು ಅದರ ಪಟ್ಟಿ, ವಾಕರ್ ಸಮೇತ ಕರೆದೊಯ್ಯಿರಿ. ಮನೆಯಲ್ಲಿ ಹೇಗಿರುತ್ತದೋ ಹಾಗೆಯೇ ತೋರಿಸಿ. ಅಜ್ಜಿ ಹೊಸ ಫ್ರಾಕು ತೊಡಿಸಿ "ಚೆನ್ನಾಗಿ ನಡೆದು ತೋರಿಸು" ಎಂದು ಕಳುಹಿಸಿದ್ದಳು. ಪುಟ್ಟಿಯೂ ಜೀವ ಬಿಟ್ಟು ನಡೆದಳು, ಶೇಕಡಾ ಕಡಿಮೆ ಬಿದ್ದೀತೆಂದು ನನ್ನ ಜೀವ ಹೋಯಿತು.

ಪತ್ರ ಕೈಗೆ ಬಂದ ಮೇಲೆ ಮೂರು ಕೆಲಸ ಮಾಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ: ವರ್ಷಕ್ಕೆ 1 ಲಕ್ಷದವರೆಗೆ, ಹೊರರೋಗಿಯಾಗಿ ಪಡೆಯುವ ಥೆರಪಿಗೂ ಒಂದು ಮಿತಿಯೊಳಗೆ ಸಿಗುತ್ತದೆ, ಮೂಲ ಬಿಲ್ ಬೇಕು, ಹಾಗಾಗಿ 200 ರೂಪಾಯಿಯ ರಸೀದಿಯನ್ನೂ ಎಸೆಯಬೇಡಿ. ಆದಾಯ ತೆರಿಗೆಯಲ್ಲಿ ವಿನಾಯಿತಿ (1961ರ ಕಾಯ್ದೆಯಲ್ಲಿ 80ಡಿಡಿ): ಅಂಗವೈಕಲ್ಯ ಶೇಕಡಾ 40 ಮುಟ್ಟಿದರೆ ಆದಾಯದಲ್ಲಿ 75,000 ಕಳೆಯಬಹುದು, ಶೇಕಡಾ 80 ಮುಟ್ಟಿದರೆ 1,25,000, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ. ಮೂರನೆಯದು ರೈಲಿನ ರಿಯಾಯಿತಿ. ಜೊತೆಗಾರನಿಗೂ ಸಿಗುತ್ತದೆ, ಅದಕ್ಕೆ ರೈಲ್ವೆಯದೇ ನಮೂನೆಯಲ್ಲಿ ಬೇರೆ ಪತ್ರ ಬೇಕು. ಅದನ್ನು ಮಂಡಳಿಯ ಮುಂದೆ ನಿಂತ ದಿನವೇ ಕೇಳಿ ಸಹಿ ಹಾಕಿಸಿಕೊಳ್ಳಿ.

ಕೊನೆಯ ತೊಡಕು ಬಂದದ್ದು ನಮ್ಮ ಕಟ್ಟಡದಿಂದಲೇ. ಮೆಟ್ಟಿಲಿಗೆ ಹಿಡಿಗಂಬಿ ಇದ್ದದ್ದು ಒಂದೇ ಕಡೆ, ದೊಡ್ಡವರ ಎತ್ತರಕ್ಕೆ. ಗೋಡೆಯ ಕಡೆ ತಗ್ಗಿನಲ್ಲಿ ಇನ್ನೊಂದು ಹಾಕಿಸಲು ಕಟ್ಟಡದ ನಿವಾಸಿಗಳ ಸೊಸೈಟಿಯ ಅನುಮತಿ ಕೇಳಿದೆ. ಸಭೆಯ ಮೇಲೆ ಸಭೆ. "ಸೋಫಾ ಸಾಗಿಸುವಾಗ ಅಡ್ಡವಾಗುತ್ತದೆ" ಎಂದರೊಬ್ಬರು. ಮೂರು ತಿಂಗಳ ಮೇಲೆ, ಖರ್ಚೆಲ್ಲ ನಮ್ಮದೇ ಎಂಬ ಷರತ್ತಿನ ಮೇಲೆ ಒಪ್ಪಿದರು. 11,000 ರೂಪಾಯಿ. ಈಗ ಆ ಕಂಬಿಯನ್ನು ಅತಿ ಹೆಚ್ಚು ಹಿಡಿಯುವುದು ಸೋಫಾದ ಮಾತೆತ್ತಿದವರ ತಾಯಿ.

ಮೂರು ಪುಸ್ತಕಗಳ ಚಿಕಿತ್ಸೆಯ ಮೊತ್ತ, ಪ್ರಯಾಣವನ್ನೂ ಕಂಬಿಯನ್ನೂ ಬಿಟ್ಟು, 2,26,900 ರೂಪಾಯಿ. ಪುಟ್ಟಿಗೆ ಈಗ ಆರು ವರ್ಷ. ಹಂತ ಮೂರನೆಯದೇ. ಶಾಲೆಯೊಳಗೆ ವಾಕರ್, ದೂರಕ್ಕೆ ಗಾಲಿಕುರ್ಚಿ. ಮನೆಯೊಳಗೆ ಗೋಡೆ ಹಿಡಿದು ತನ್ನ ಪಾಡಿಗೆ ತಿರುಗುತ್ತಾಳೆ, ನೆಲದಿಂದ ತಾನೇ ಏಳುತ್ತಾಳೆ. ಕೊನೆಯ ವಾರದ ಪುಟದಲ್ಲಿ ಎಡಕ್ಕೆ 3, ಬಲಕ್ಕೆ 88.

36 ಮೆಟ್ಟಿಲನ್ನು ಮೊದಲ ಸಲ ಹತ್ತಿದ ದಿನ 19 ನಿಮಿಷ ತೆಗೆದುಕೊಂಡಳು. ನಾನು ಒಂದು ಮೆಟ್ಟಿಲು ಹಿಂದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದೆ, ಅವು ತಾವಾಗಿ ಮುಂದೆ ಹೋಗಬಾರದೆಂದು. ಒಂದನೆಯ ಮಹಡಿಯಲ್ಲಿ ನನ್ನ ಮೊಣಕಾಲು ಹಿಡಿಯಿತು. ಅವಳು ಕಂಬಿ ಹಿಡಿದು ನಿಂತು, "ಅಜ್ಜಾ, ನಿಧಾನವಾಗಿ ಬಾ" ಎಂದಳು. ಮೇಲೆ ಹೋಗಿ ಗೋಡೆಗೆ ಒಂದು ಕೈ ಊರಿ ಇನ್ನೊಂದು ಕೈಯಿಂದ ಬೆಲ್ ಒತ್ತಿದಳು. ಅಜ್ಜಿ ಬಾಗಿಲು ತೆರೆದರೂ ಒಳಗೆ ಹೋಗಲಿಲ್ಲ. ಮತ್ತೆ ಒತ್ತಿದಳು.

ಈಗ ಅದೇ ತಕರಾರು. ಮಧ್ಯಾಹ್ನ ಶಾಲೆಯಿಂದ ಬಂದವಳು ಹತ್ತು ಹದಿನೈದು ಸಲ ಒತ್ತುತ್ತಾಳೆ. ಎದುರು ಮನೆಯವರು ರಾತ್ರಿ ಪಾಳಿಯ ಕೆಲಸ ಮುಗಿಸಿ ಮಲಗಿರುತ್ತಾರೆ. ಬೆಲ್ ತೆಗೆಸಬಾರದೇ ಎಂದು ವಿನಯದಿಂದಲೇ ಕೇಳಿದರು. ಹೇಗೂ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದೆ. ಕಳೆದ ಗುರುವಾರ ಅದು ಮುಗಿಯಿತು. ಸಂಜೆಯೇ ಸ್ಟೇಷನ್ನಿನ ಬಳಿ ಹೋಗಿ ಹೊಸದನ್ನು ತಂದೆ. 40 ರೂಪಾಯಿ. ಮೂರನೆಯ ಪುಸ್ತಕದಲ್ಲಿ ಅಡ್ಡಗೆರೆಯ ಕೆಳಗೆ ಬರೆದುಕೊಂಡಿದ್ದೇನೆ.